ಜೇಬಿನಲ್ಲೇ ಉಳಿದ ಚೀಟಿ

ಕಳೆದ ಶನಿವಾರ ಬೆಳಗ್ಗೆ ಒಂಬತ್ತೂ ಮುಕ್ಕಾಲಿಗೆ ನನ್ನ ಹೆಂಡತಿ ಫೋನಿನಲ್ಲಿ ಒಂದೇ ಪದದ ಒಂದು ಪ್ರಶ್ನೆ ಕೇಳಿದಳು.

“ಯಾವಾಗ?”

ಇಪ್ಪತ್ತು ವರ್ಷದಿಂದ ಪಾಠ ಹೇಳಿಕೊಂಡು ಹೊಟ್ಟೆ ಹೊರೆಯುತ್ತಿರುವವನು ನಾನು. ಉತ್ತರ ಗೊತ್ತಿಲ್ಲದಿದ್ದರೂ ಗೊತ್ತಿರುವವನ ಹಾಗೆ ಗಂಟಲು ಸರಿಮಾಡಿಕೊಳ್ಳುವುದು ನಮ್ಮ ವೃತ್ತಿಯ ಮೊದಲ ವಿದ್ಯೆ. ಅವತ್ತು ಗಂಟಲೂ ಕೈಕೊಟ್ಟಿತು.

ನಡೆದದ್ದು ಹೇಳುತ್ತೇನೆ. ನಗಬೇಕೋ ಬೈಯಬೇಕೋ ನೀವೇ ತೀರ್ಮಾನ ಮಾಡಿ. (ಬೈಯುವುದಾದರೆ ದಯವಿಟ್ಟು ಕ್ಯೂನಲ್ಲಿ ಬನ್ನಿ. ಮನೆಯ ಇಬ್ಬರು ಈಗಾಗಲೇ ನಿಮಗಿಂತ ಮುಂದೆ ನಿಂತಿದ್ದಾರೆ.)

ಈ ಅಂಕಣ ಓದುವವರಿಗೆ ನಮ್ಮ ಮನೆ ಹೊಸದಲ್ಲ. ಹೊಸಬರಿಗೆ ಎರಡು ಮಾತು. ನಾವಿರುವುದು ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ. ನಾನು ಇಲ್ಲಿನ ಒಂದು ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಆರ್ಕಿಟೆಕ್ಚರ್ ಮೇಷ್ಟ್ರು, ಅಂದರೆ ಪ್ರೊಸೆಸರ್ ಹೊಟ್ಟೆಯೊಳಗೆ ಏನು ನಡೆಯುತ್ತದೆ ಅಂತ ಕಥೆ ಹೇಳುವವನು. ಹೆಂಡತಿ ಸಂಧ್ಯಾ ಮೊಂಬಾಸಾ ರೋಡಿನ ಒಂದು ಔಷಧಿ ಫ್ಯಾಕ್ಟರಿಯ ಕ್ವಾಲಿಟಿ ಲ್ಯಾಬ್ ನೋಡಿಕೊಳ್ಳುತ್ತಾಳೆ. ಮಗಳು ಇಂಚರಾಗೆ ಹನ್ನೆರಡು ವರ್ಷ, ಊರಾಚೆಯ ಕರೆನ್ ಬಡಾವಣೆಯಲ್ಲಿ ಶಾಲೆ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ತಿರುಗಿ ಉತ್ತರ ಕೊಡುವುದು ಮಾತ್ರ ಇಂಗ್ಲಿಷಿನಲ್ಲಿ.

ನಮ್ಮ ಫ್ರಿಜ್ ಮೇಲೆ ಒಂದು ಬಿಳೀ ಬೋರ್ಡಿದೆ. ಸಂಧ್ಯಾಳ ಸಾಮ್ರಾಜ್ಯ ಅದು. ಯಾರು ಎಲ್ಲಿಗೆ, ಎಷ್ಟು ಹೊತ್ತಿಗೆ, ಹಾಲು ಎಷ್ಟು ಪ್ಯಾಕೆಟ್, ಎಲ್ಲ ಅಲ್ಲಿ ಬರೆಯಬೇಕು. ಔಷಧಿ ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟಿನ ರೂಲು ಇದೆಯಂತೆ: ಬರೆದಿಲ್ಲ ಅಂದರೆ ಆಗಿಲ್ಲ. ಟೆಸ್ಟ್ ಮಾಡಿದ್ದೀನಿ ಅಂತ ನೀವು ದೇವರ ಮೇಲೆ ಆಣೆ ಇಟ್ಟರೂ ಸರಿ, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿಲ್ಲವೋ, ಟೆಸ್ಟ್ ಆಗೇ ಇಲ್ಲ. ಆ ರೂಲನ್ನು ಅವಳು ಮನೆಗೂ ತಂದಳು. ನಾನು ತಮಾಷೆ ಮಾಡುತ್ತಿದ್ದೆ. “ಬೋರ್ಡ್‌ನಲ್ಲಿ ಬರೀದೆ ಸೀನಬಹುದಾ?” ಅಂತ ಕೇಳಿದ್ದೂ ಉಂಟು.

ಈಗ ಶನಿವಾರದ ವಿಷಯ. ಇಂಚರಾಳ ಶಾಲೆಯಲ್ಲಿ ಕಲ್ಚರ್ ಡೇ. ಮಕ್ಕಳು ಅವರವರ ಮನೆಮಾತಿನಲ್ಲಿ ಏನಾದರೂ ಹೇಳಬೇಕು, ಹಾಡಬೇಕು. ನಮ್ಮ ಮಗಳು ಜೋಗುಳ ಹಾಡುತ್ತೇನೆ ಅಂದಳು. ಸಂಧ್ಯಾ ಅವಳನ್ನು ಮಲಗಿಸುವಾಗ ಹಾಡುತ್ತಿದ್ದ ಜೋಗುಳ. ಅದು ಸಂಧ್ಯಾಳಿಗೆ ಅವಳಮ್ಮ ಹಾಡಿದ್ದು. ಎಲ್ಲೂ ಪ್ರಿಂಟಾಗಿಲ್ಲ, ಮೂರನೇ ಸಾಲು ಪೂರ್ತಿ ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ.

ಮೂರು ವಾರ ಅಡುಗೆಮನೆಯಲ್ಲಿ ತಾಯಿ ಮಗಳ ಅಭ್ಯಾಸ ನಡೆಯಿತು. ‘ಳ’ ಬರುವ ಕಡೆಯಲ್ಲೆಲ್ಲ ಇಂಚರಾಗೆ ನಾಲಿಗೆ ಹೊರಳುತ್ತಿರಲಿಲ್ಲ. ಸಂಧ್ಯಾ ಚಪಾತಿ ಲಟ್ಟಿಸುತ್ತಲೇ “ಇನ್ನೊಂದ್ಸಲ” ಅನ್ನುವುದು, ಇವಳು ಇನ್ನೊಂದು ಸಲ ಹೇಳುವುದು. ನಾನು ಪಕ್ಕದ ರೂಮಿನಲ್ಲಿ ಪೇಪರ್ ತಿದ್ದುವ ನಾಟಕ ಮಾಡುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಮುಗಿಸದ ಹುಡುಗಿ ಇನ್ನೂರು ಜನರ ಮುಂದೆ ಕನ್ನಡದಲ್ಲಿ ಹಾಡುತ್ತೇನೆ ಅಂತ ಹೊರಟಿದ್ದಾಳೆ. ನನಗೇ ಕಣ್ಣು ಮಂಜಾಗುತ್ತಿತ್ತು. ಇನ್ನು ಕಲಿಸಿದವಳಿಗೆ ಹೇಗಾಗಿರಬೇಡ?

ಬೋರ್ಡಿನಲ್ಲಿ ಸಂಧ್ಯಾ ತಿಂಗಳ ಮುಂಚೆಯೇ ಕೆಂಪು ಪೆನ್ನಿನಲ್ಲಿ ಬರೆದಿದ್ದಳು: ‘ಶನಿವಾರ, ಇಂಚರಾ ಹಾಡು, 11:30’. ಅವತ್ತು ಅವಳಿಗೆ ಹನ್ನೊಂದರವರೆಗೆ ಕೆಲಸ. ಬಾಸ್ ಹತ್ತಿರ ಹೇಳಿ ಹತ್ತೂವರೆಗೇ ಬಿಡುವು ಮಾಡಿಕೊಂಡು, ಟ್ಯಾಕ್ಸಿಯಲ್ಲಿ ಕರೆನ್‌ಗೆ ಬರುವುದು ಅಂತ ಪ್ಲ್ಯಾನ್.

ಇಲ್ಲಿ ನಾನು ಪ್ರವೇಶ ಮಾಡುತ್ತೇನೆ.

ಗುರುವಾರ ಮಧ್ಯಾಹ್ನ ಕ್ಲಾಸಿನಲ್ಲಿ ನಾನು ಹೇಳಿದ ಪಾಠ ಯಾವುದು ಗೊತ್ತಾ? ಪ್ರೊಸೆಸರ್ ತನ್ನ ಮೆಮೊರಿ ಕೆಲಸಗಳನ್ನು ಹೇಗೆ ಒಂದರ ಮೇಲೊಂದು ಹಾಸಿಕೊಂಡು ಮಾಡುತ್ತದೆ ಅನ್ನುವುದು. ಗಾಬರಿಯಾಗಬೇಡಿ, ಅಡುಗೆಮನೆಯ ಲೆಕ್ಕದಲ್ಲೇ ಹೇಳುತ್ತೇನೆ. ಪ್ರೊಸೆಸರ್ ಬಹಳ ಚುರುಕು, ಮೆಮೊರಿ ಬಹಳ ನಿಧಾನ. ಅಡುಗೆ ಮಾಡುವವರು ಸೌತ್ ಸಿಯಲ್ಲಿ, ಕರಿಬೇವಿನ ಅಂಗಡಿ ಊರಿನ ಆ ತುದಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಅಂದುಕೊಳ್ಳಿ. ಕರಿಬೇವು ತರಲು ಒಬ್ಬರನ್ನು ಕಳಿಸಿ ಅವರು ಬರುವ ತನಕ ಕೈಕಟ್ಟಿ ನಿಂತರೆ ಊಟ ನಾಳೆಗೆ. ಆದ್ದರಿಂದ ಒಬ್ಬರು ಅತ್ತ ಹೋಗುವಾಗಲೇ ಇನ್ನೊಬ್ಬರನ್ನು ಹಾಲಿಗೆ, ಮತ್ತೊಬ್ಬರನ್ನು ತರಕಾರಿಗೆ ಅಟ್ಟಬೇಕು. ಯಾವುದು ಮೊದಲು ಬರುತ್ತದೋ ಅದರ ಕೆಲಸ ಮೊದಲು. ಇವತ್ತಿನ ಪ್ರೊಸೆಸರುಗಳೆಲ್ಲ ಹೀಗೇ ಬದುಕುವುದು, ಮತ್ತು ನಿಜ ಹೇಳಬೇಕೆಂದರೆ ಇವತ್ತಿನ ಸಂಸಾರಗಳೂ.

ಬರೆಯುವುದರಲ್ಲೂ ಇದೇ ಆತುರ. ಪ್ರೊಸೆಸರ್ ಒಂದು ಹೊಸ ಬೆಲೆಯನ್ನು, ಅಂದರೆ ಒಂದು ಹೊಸ ಅಂಕಿಯನ್ನು, ಮೆಮೊರಿಗೆ ಬರೆಯಬೇಕು. ಅದು ತಲುಪುವ ತನಕ ಕಾಯುವುದಿಲ್ಲ. ಒಂದು ಚೀಟಿಯಲ್ಲಿ ಗೀಚಿ ಜೇಬಿಗೆ ಹಾಕಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತದೆ. ಚೀಟಿ ನಿಧಾನವಾಗಿ ಹಿಂದಿನಿಂದ ತಲುಪುತ್ತದೆ. ನಾವು ಇದನ್ನು ಸ್ಟೋರ್ ಬಫರ್ ಅನ್ನುತ್ತೇವೆ. ಮಜಾ ಏನೆಂದರೆ, ಅದೇ ಬೆಲೆ ತನಗೇ ಮತ್ತೆ ಬೇಕಾದಾಗ ಅದು ಮೊದಲು ನೋಡುವುದು ತನ್ನ ಜೇಬನ್ನು. ಅಲ್ಲಿ ಹೊಸ ಬೆಲೆ ಕಾಣುತ್ತದೆ. ಪಕ್ಕದಲ್ಲಿರುವ ಇನ್ನೊಂದು ಪ್ರೊಸೆಸರ್‌ಗೆ ಇದರ ಜೇಬು ಕಾಣುವುದಿಲ್ಲ. ಅದು ಮೆಮೊರಿ ನೋಡುತ್ತದೆ, ಅಲ್ಲಿ ಇನ್ನೂ ಹಳೇ ಬೆಲೆಯೇ ಇರುತ್ತದೆ.

ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿ ಕೇಳಿದಳು, “ಮ್ವಾಲಿಮು, ಹಾಗಾದರೆ ಇಬ್ಬರಲ್ಲಿ ಸುಳ್ಳು ಹೇಳುತ್ತಿರುವುದು ಯಾರು?” (ಮ್ವಾಲಿಮು ಅಂದರೆ ಮೇಷ್ಟ್ರು.)

“ಯಾರೂ ಇಲ್ಲ,” ಅಂದೆ ನಾನು, ದೊಡ್ಡ ಜ್ಞಾನಿಯ ಹಾಗೆ. “ಇಬ್ಬರೂ ಪ್ರಾಮಾಣಿಕರೇ. ಒಬ್ಬ ಹೇಳದೇ ಹೇಳಿದ್ದೇನೆ ಅಂದುಕೊಂಡಿದ್ದಾನೆ, ಅಷ್ಟೇ.”

ಕ್ಲಾಸು ನಕ್ಕಿತು. ನಾನೂ ನಕ್ಕೆ. ಅಲ್ಲಿಂದ ನೇರ ಕಾರು ತೆಗೆದು ಮಗಳನ್ನು ಕರೆತರಲು ಕರೆನ್‌ಗೆ ಹೋದೆ.

ಕಾರಿನಲ್ಲಿ ಕೂತವಳೇ ಇಂಚರಾ ಬ್ಯಾಗು ಹಿಂದಕ್ಕೆ ಎಸೆದು ಇಂಗ್ಲಿಷಿನಲ್ಲಿ ಹೇಳಿದಳು: ಪ್ರೋಗ್ರಾಂ ಹನ್ನೊಂದೂವರೆಗಲ್ಲ, ಹತ್ತಕ್ಕೆ ಶುರು. ತನ್ನದು ನಾಲ್ಕನೇ ಐಟಂ. ಅಮ್ಮನಿಗೆ ಹೇಳಬೇಕು.

“ಸರಿ ಪುಟ್ಟಾ, ನಾನು ಹೇಳ್ತೀನಿ.”

“ಪ್ರಾಮಿಸ್?”

“ಪ್ರಾಮಿಸ್ ಕಣೇ.”

ತಕ್ಷಣ ನನ್ನ ತಲೆ ಕೆಲಸ ಶುರು ಮಾಡಿತು. ಹೆಮ್ಮೆಯಿಂದ ಹೇಳುತ್ತೇನೆ, ಅದ್ಭುತವಾಗಿ ಮಾಡಿತು. ಶನಿವಾರ ಬೆಳಗ್ಗೆ ಟೈಲರ್ ಹತ್ತಿರ ಲಂಗ ಬ್ಲೌಸ್ ತರುವುದಿತ್ತು, ಅದನ್ನು ಶುಕ್ರವಾರಕ್ಕೆ ತಂದೆ. ಕಾರಿನ ಸರ್ವಿಸ್ ಮುಂದಕ್ಕೆ ಹಾಕಿದೆ. ನಮ್ಮ ಮನೆ ಕೆಲಸಕ್ಕೆ ಬರುವ ಮಾಮಾ ವಂಬುಯಿಗೆ (ಇಲ್ಲಿ ಮಾಮಾ ಅಂದರೆ ಅಮ್ಮ) ಶನಿವಾರ ಒಂದು ಗಂಟೆ ಮುಂಚೆ ಬಂದು ಇಂಚರಾಗೆ ಜಡೆ ಹಾಕಲು ಹೇಳಿದೆ. ಸಿಗ್ನಲ್ ಒಂದರಲ್ಲಿ ನಿಂತು ಮೂರು ಮೆಸೇಜ್, ಎರಡು ಫೋನು. ಮನೆ ತಲುಪುವಷ್ಟರಲ್ಲಿ ಪ್ರಪಂಚವೆಲ್ಲ ಹತ್ತು ಗಂಟೆಗೆ ಹೊಂದಿಕೊಂಡು ಕೂತಿತ್ತು. ಹೇಳಬೇಕಾಗಿದ್ದ ಒಬ್ಬಳಿಗೆ ಮಾತ್ರ ಹೇಳಿರಲಿಲ್ಲ.

ಶುಕ್ರವಾರ ಸಂಧ್ಯಾಗೆ ಲ್ಯಾಬಿನಲ್ಲಿ ಆಡಿಟ್. ಸುಸ್ತಾಗಿ ಬಂದಳು. ಇಂಚರಾ ಆಗಲೇ ಉಂಡು ರೂಮು ಸೇರಿದ್ದಳು. ನಾನು ತಟ್ಟೆ ಹಿಡಿದುಕೊಂಡು ಲ್ಯಾಪ್‌ಟಾಪ್ ಮುಂದೆ. ಸಂಧ್ಯಾ ಅಡುಗೆಮನೆಯಿಂದಲೇ ಕೇಳಿದಳು, “ರೀ, ನಾಳೆ ಬೋರ್ಡ್‌ನಲ್ಲಿ ಇರೋ ಹಾಗೇ ತಾನೆ?”

ನಾನು ಏನಂದೆ? ಬೋರ್ಡಿನ ಕಡೆ ಕತ್ತೆತ್ತಿಯೂ ನೋಡದೆ, “ಹೂಂ, ಅದೇ,” ಅಂದೆ.

ಸುಳ್ಳು ಹೇಳಿದೆನಾ? ಇಲ್ಲ ಸ್ವಾಮೀ. ನನ್ನ ತಲೆಯೊಳಗಿನ ಬೋರ್ಡಿನಲ್ಲಿ ಸ್ಪಷ್ಟವಾಗಿ ಹತ್ತು ಗಂಟೆ ಅಂತಿತ್ತು. ನಾನು ನೋಡಿದ್ದು ಜೇಬನ್ನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ಹಿರಿಯರು ಸುಮ್ಮನೆ ಅಂದಿಲ್ಲ. ನಾನು ಗುರುವಾರ ಪುರಾಣ ಹೇಳಿ ಶುಕ್ರವಾರ ಬದನೆಕಾಯಿ ತಿಂದೆ.

ಶನಿವಾರ ಸಂಧ್ಯಾ ಏಳಕ್ಕೇ ಫ್ಯಾಕ್ಟರಿಗೆ ಹೋದಳು. ಮಗಳು ಸ್ಕೂಲ್ ಬಸ್ಸಿನಲ್ಲಿ. ನಾನು ಒಂಬತ್ತೂವರೆಗೆ ಶಾಲೆಯ ಹಾಲ್‌ನಲ್ಲಿ ಮೂರನೇ ಸಾಲಿನಲ್ಲಿ ಎರಡು ಸೀಟು ಹಿಡಿದು, ಒಂದರ ಮೇಲೆ ನಾನು ಕೂತು, ಇನ್ನೊಂದರ ಮೇಲೆ ಸ್ವೆಟರ್ ಕೂರಿಸಿದೆ. ಒಂಬತ್ತೂ ಮುಕ್ಕಾಲಾದರೂ ಸ್ವೆಟರ್ ಎದ್ದೇಳುವ ಲಕ್ಷಣ ಕಾಣಲಿಲ್ಲ. ಫೋನ್ ಮಾಡಿದೆ.

“ಎಲ್ಲಿದ್ದೀಯ?”

“ಎಲ್ಲಿರ್ತೀನಿ, ಲ್ಯಾಬಲ್ಲಿ.”

“ಅಯ್ಯೋ, ಹತ್ತಕ್ಕೆ ಶುರು ಆಗತ್ತೆ ಕಣೇ.”

“ಹನ್ನೊಂದೂವರೆಗಲ್ವಾ?”

“ಟೈಮ್ ಚೇಂಜ್ ಆಯ್ತು. ಹೇಳಿದ್ದೀನಲ್ಲ ನಿಂಗೆ.”

ಆಮೇಲೆ ಬಂತು ಆ ಪದ.

“ಯಾವಾಗ?”

ಕೋಪದಿಂದ ಕೇಳಿದ್ದರೆ ನಾನೂ ಜಗಳ ತೆಗೆಯುತ್ತಿದ್ದೆ. ಅವಳು ಕೇಳಿದ್ದು ತನ್ನದೇ ತಪ್ಪಿರಬಹುದು, ತಾನೇ ಮರೆತಿರಬಹುದು ಅನ್ನುವ ಅನುಮಾನದ ದನಿಯಲ್ಲಿ. ನಾನು ನೆನಪಿನಲ್ಲಿ ಹುಡುಕಿದೆ. ಗುರುವಾರ ಸಂಜೆ ಹುಡುಕಿದೆ, ಶುಕ್ರವಾರ ಬೆಳಗ್ಗೆ ಹುಡುಕಿದೆ. ಹೇಳಿದ ನೆನಪು ಗಟ್ಟಿಯಾಗಿದೆ, ಹೇಳಿದ ಗಳಿಗೆ ಮಾತ್ರ ಎಲ್ಲೂ ಇಲ್ಲ.

“ಇಲ್ಲ ಸಂಧ್ಯಾ. ಹೇಳಿಲ್ಲ. ನನ್ನದೇ ತಪ್ಪು.”

“ಹೊರಟೆ,” ಅಂದಳು. ಫೋನ್ ಕಟ್ಟಾಯಿತು.

ಮೊಂಬಾಸಾ ರೋಡಿನಿಂದ ಕರೆನ್‌ಗೆ ಶನಿವಾರದ ಟ್ರಾಫಿಕ್‌ನಲ್ಲಿ ಒಂದು ಗಂಟೆ ಎಲ್ಲೂ ಹೋಗಿಲ್ಲ. ನಾಲ್ಕನೇ ಐಟಂ ಹತ್ತೂ ಇಪ್ಪತ್ತಕ್ಕೆ. ನಾನು ಎದ್ದು ವೇದಿಕೆಯ ಪಕ್ಕಕ್ಕೆ ಓಡಿದೆ. ಪ್ರೋಗ್ರಾಂ ನಡೆಸುತ್ತಿದ್ದವರು ಅಚಿಯೆಂಗ್ ಅನ್ನುವ ಟೀಚರ್. ಕೈಯಲ್ಲಿ ಪಟ್ಟಿ, ಕುತ್ತಿಗೆಯಲ್ಲಿ ವಿಸಿಲ್. ಪರಿಸ್ಥಿತಿ ಹೇಳಿ, ನನ್ನ ಮಗಳ ಹಾಡನ್ನು ಹಿಂದಕ್ಕೆ ಹಾಕಲು ಆಗುತ್ತದಾ ಅಂತ ಅಂಗಲಾಚಿದೆ.

ಅವರು ಪಟ್ಟಿ ನೋಡಿದರು, ನನ್ನ ಮುಖ ನೋಡಿದರು. “ಹಕುನಾ ಶಿದಾ, ಮ್ವಾಲಿಮು,” ಅಂದರು, ಅಂದರೆ ತೊಂದರೆ ಇಲ್ಲ ಮೇಷ್ಟ್ರೇ. ಯಾರು ರೆಡಿ ಇದ್ದಾರೋ ಅವರು ಮೊದಲು ಹೋಗಲಿ, ಇವಳು ಕಾಯಲಿ. ಆದರೆ ಹತ್ತೂ ಐವತ್ತರ ಆಮೇಲೆ ಆಗುವುದಿಲ್ಲ, ಚೀಫ್ ಗೆಸ್ಟ್ ಭಾಷಣ. ಅವರು ಭಾಷಣ ಶುರು ಮಾಡಿದರೆ ಮುಗಿಸುವವರಲ್ಲ ಅಂತ ಕಣ್ಣು ಮಿಟುಕಿಸಿದರು.

ನೋಡಿ, ಆ ಹೆಂಗಸು ಪ್ರೊಸೆಸರ್ ಪುಸ್ತಕ ಮುಟ್ಟಿದವರಲ್ಲ. ಸಾಮಾನು ಬರದ ಕೆಲಸವನ್ನು ಪಕ್ಕಕ್ಕಿಟ್ಟು, ಸಾಮಾನು ಬಂದಿರುವ ಕೆಲಸವನ್ನು ಮುಂದೆ ಬಿಡುವುದಕ್ಕೆ ನಾನು ಆರು ಲೆಕ್ಚರ್ ತೆಗೆದುಕೊಳ್ಳುತ್ತೇನೆ. ಅವರು ಪೆನ್ನಿನಿಂದ ಒಂದು ಬಾಣ ಎಳೆದು ಮುಗಿಸಿದರು.

ಹತ್ತೂ ಐವತ್ತರವರೆಗೆ ಟೈಮ್ ಇದೆ ಅಂತ ಸಂಧ್ಯಾಗೆ ಮೆಸೇಜ್ ಹಾಕಿ ನಾನು ನೆಮ್ಮದಿಯಾಗಿ ಬಂದು ಕೂತೆ. ಮೊದಲ ಮೂರು ಐಟಂ ಆಯಿತು. ನಾಲ್ಕನೆಯದಕ್ಕೆ ಡ್ಯಾನ್ಸ್ ಗುಂಪಿನ ಹೆಸರು ಕೂಗಿದರು. ಸೈಡ್ ಬಾಗಿಲಿನಿಂದ ಹಸಿರು ಲಂಗದ ಹುಡುಗಿಯೊಬ್ಬಳು ದಡದಡ ಬಂದು ನನ್ನ ಮುಂದೆ ನಿಂತಳು. ಇಂಚರಾ. ಕಣ್ಣು ತುಂಬ ನೀರು.

ತನ್ನ ಹೆಸರು ಬಿಟ್ಟುಬಿಟ್ಟರು ಅಂದಳು. ತನ್ನ ಉಚ್ಚಾರ ಚೆನ್ನಾಗಿಲ್ಲ ಅಂತ ತೆಗೆದುಹಾಕಿದರಾ ಅಂತ ಕೇಳಿದಳು.

ಆಗ ಗೊತ್ತಾಯಿತು ನನಗೆ. ಟೀಚರಿಗೆ ಹೇಳಿದ್ದೆ, ಸಂಧ್ಯಾಗೆ ಹೇಳಿದ್ದೆ, ಪರದೆಯ ಹಿಂದೆ ನಿಂತು ತನ್ನ ಸರದಿಗೆ ಕಾಯುತ್ತಿದ್ದ ಈ ಮಗುವಿಗೆ ಹೇಳಿರಲಿಲ್ಲ. ಒಂದೇ ವಾರ, ಒಂದೇ ತಪ್ಪು, ಎರಡು ಸಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

“ಇಲ್ಲ ಪುಟ್ಟಾ. ನಾನೇ ಲೇಟಾಗಿ ಹಾಕಿ ಅಂತ ಕೇಳ್ಕೊಂಡೆ. ಅಮ್ಮ ಬರ್ತಾ ಇದಾಳೆ. ಅವಳಿಗೆ ಹತ್ತು ಗಂಟೆ ಅಂತ ಗೊತ್ತಿರಲಿಲ್ಲ.”

“ಬಟ್ ಯು ಪ್ರಾಮಿಸ್ಡ್,” ಅಂದಳು.

“ಹೌದು. ಮರೆತೆ. ತಪ್ಪಾಯ್ತು.”

ಅವಳು ಸ್ವೆಟರ್ ಕೂತಿದ್ದ ಸೀಟನ್ನೇ ನೋಡಿದಳು. ಅಮ್ಮ ಬರದಿದ್ದರೆ ತಾನು ಹಾಡುವುದಿಲ್ಲ ಅಂದಳು. ಹಟದಿಂದಲ್ಲ. ಅಲ್ಲಿ ಕೂತವರು ಯಾರಿಗೂ ಈ ಹಾಡು ಗೊತ್ತಿಲ್ಲ, ಗೊತ್ತಿರುವುದು ಅಮ್ಮನಿಗೆ ಮಾತ್ರ, ಮತ್ತೆ ಯಾರಿಗೆ ಹಾಡಲಿ ಅಂತ ಕೇಳಿದಳು.

ಹತ್ತೂ ಮೂವತ್ತೈದು. ಲಾಂಗಾಟಾ ರೋಡಿನಲ್ಲಿ ಜಾಮ್, ಟ್ಯಾಕ್ಸಿ ಅಲ್ಲಾಡುತ್ತಿಲ್ಲ ಅಂತ ಮೆಸೇಜ್. ಹತ್ತೂ ನಲವತ್ತು, ಏನೂ ಸುದ್ದಿಯಿಲ್ಲ. ಹತ್ತೂ ನಲವತ್ತೈದಕ್ಕೆ ಅಚಿಯೆಂಗ್ ಮೇಡಂ ದೂರದಿಂದ ನನ್ನ ಕಡೆ ನೋಡಿ ಕೈಗಡಿಯಾರ ತಟ್ಟಿ ತೋರಿಸಿದರು. ಚೀಫ್ ಗೆಸ್ಟ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಆ ಗುಂಡಿ ಕಿತ್ತು ಬೀಳಲಿ ಅಂತ ಬೇಡಿಕೊಂಡೆ. (ದೇವರು ಕ್ಷಮಿಸಲಿ, ಒಳ್ಳೆಯ ಮನುಷ್ಯ ಅವರು.)

ಇಂಚರಾಳ ಹೆಸರು ಕೂಗಿದರು. ಅವಳು ಬಂದು ಮೈಕ್ ಮುಂದೆ ನಿಂತಳು. ನಿಂತೇ ಇದ್ದಳು.

ಹಾಲ್‌ನ ಹಿಂದಿನ ಬಾಗಿಲು ಕಿರ್ ಅಂತು. ತಿರುಗಿ ನೋಡಿದರೆ ಸಂಧ್ಯಾ. ಟ್ಯಾಕ್ಸಿಯಿಂದ ಅರ್ಧ ದಾರಿಯಲ್ಲಿ ಇಳಿದು ಬೋಡಾ ಹತ್ತಿಕೊಂಡು ಬಂದಿದ್ದಳು. ಬೋಡಾ ಅಂದರೆ ಬೈಕ್ ಟ್ಯಾಕ್ಸಿ. ಇಲ್ಲಿಗೆ ಬಂದ ಹತ್ತು ವರ್ಷದಲ್ಲಿ ಒಮ್ಮೆಯೂ ಅದನ್ನು ಹತ್ತದವಳು, ನಾನು ಹತ್ತಿದರೂ ಬೈಯುವವಳು. ಮೈಮೇಲೆ ಲ್ಯಾಬಿನ ಬಿಳೀ ಕೋಟು ಹಾಗೇ ಇತ್ತು, ಬೋಡಾದವನ ಹೆಲ್ಮೆಟ್ ತಲೆಯ ಮೇಲೇ ಇತ್ತು, ಅದರ ಕೆಳಗೆ ಕೂದಲೆಲ್ಲ ಕೆದರಿತ್ತು. ಸೀಟಿಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಮಗಳ ಕಡೆ ಒಂದು ಕೈ ಎತ್ತಿದಳು.

ಇಂಚರಾ ನೋಡಿದಳು. ಮೂಗು ಒರೆಸಿಕೊಂಡಳು. ಮೈಕಿನಲ್ಲಿ, ಇನ್ನೂರು ಜನರ ಮುಂದೆ, ನಿಧಾನವಾಗಿ ಹೇಳಿದಳು, “ಇದು ನಮ್ಮಮ್ಮ ನಂಗೆ ಹಾಡ್ತಿದ್ದ ಹಾಡು. ಇವತ್ತು ನಾನು ಅವಳಿಗೆ ಹಾಡ್ತೀನಿ.”

ಕನ್ನಡದಲ್ಲಿ. ಯಾರೂ ಹೇಳಿಕೊಟ್ಟಿರಲಿಲ್ಲ ಆ ವಾಕ್ಯವನ್ನು.

ಹಾಡು ಹೇಗಿತ್ತು ಅಂತ ನನ್ನನ್ನು ಕೇಳಬೇಡಿ, ನನಗೆ ಸರಿಯಾಗಿ ಕೇಳಿಸಲಿಲ್ಲ. ಎರಡು ಕಡೆ ‘ಳ’ ‘ಲ’ ಆಯಿತು ಅಂತ ಸಂಧ್ಯಾ ಆಮೇಲೆ ಹೇಳಿದಳು. ಅದನ್ನು ಹೇಳುವಾಗಲೂ ಅಳುತ್ತಿದ್ದಳು.

ವಾಪಸ್ ಬರುವಾಗ ಕಾರಿನಲ್ಲಿ ನಾನು ಇಬ್ಬರ ಮುಂದೆಯೂ ತಪ್ಪೊಪ್ಪಿಗೆ ಮಾಡಿದೆ. ಗುರುವಾರದ ಪಾಠವನ್ನೂ ಹೇಳಿದೆ, ಜೇಬು, ಚೀಟಿ ಎಲ್ಲ. ಇಂಚರಾ ಗಮನವಿಟ್ಟು ಕೇಳಿ, ಹಾಗಾದರೆ ಪ್ರೊಸೆಸರುಗಳು ಹಾಳಾಗಿ ಹೋಗದೆ ಇರುವುದು ಹೇಗೆ ಅಂದಳು. ಫೆನ್ಸ್ ಅಂತ ಒಂದಿದೆ, ಬೇಲಿ, ಅಂದೆ. ಕೆಲವು ಜಾಗದಲ್ಲಿ ಬೇಲಿ ಹಾಕುತ್ತೇವೆ. ಅಲ್ಲಿಗೆ ಬಂದ ಪ್ರೊಸೆಸರ್ ನಿಲ್ಲಬೇಕು, ಜೇಬಿನ ಚೀಟಿಗಳೆಲ್ಲ ತಲುಪುವ ತನಕ ಮುಂದಿನ ಹೆಜ್ಜೆ ಇಡುವ ಹಾಗಿಲ್ಲ. ಅದರಿಂದ ಟೈಮ್ ಹಾಳು, ಅದಕ್ಕೇ ನಾವು ಕಂಜೂಸಿತನದಿಂದ ಬಳಸುತ್ತೇವೆ.

ಹೇಳುತ್ತಿದ್ದಂತೆ ನನಗೇ ಹೊಳೆಯಿತು. ನಮ್ಮ ಮನೆಯಲ್ಲೂ ಒಂದು ಬೇಲಿ ಇತ್ತು, ರಾತ್ರಿಯೂಟ. ಮೂವರೂ ಒಟ್ಟಿಗೆ ಕೂತು ಉಣ್ಣುತ್ತಿದ್ದ ಕಾಲದಲ್ಲಿ ಸಾರು ಬಡಿಸುವಷ್ಟರಲ್ಲಿ ಎಲ್ಲರ ಜೇಬೂ ಖಾಲಿಯಾಗುತ್ತಿತ್ತು. ಯಾವಾಗಲೋ ನಾವು ಅದನ್ನೂ ಒಂದರ ಮೇಲೊಂದು ಹಾಸಿಕೊಂಡೆವು. ಒಬ್ಬರು ಉಣ್ಣುವಾಗ ಒಬ್ಬರು ಮೀಟಿಂಗಿನಲ್ಲಿ, ಒಬ್ಬರು ಹೋಂವರ್ಕಿನಲ್ಲಿ. ಟೈಮ್ ಉಳಿಯಿತು ಅಂತ ಖುಷಿಪಟ್ಟೆವು. ಉಳಿದ ಟೈಮ್ ಎಲ್ಲಿಟ್ಟಿದ್ದೇವೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ.

ನಾನು ಸಂಧ್ಯಾಳನ್ನು ಕೇಳಿದೆ, “ಅಲ್ಲ, ಅಷ್ಟು ಅವಸರದಲ್ಲಿ ಲ್ಯಾಬ್ ಹೇಗೆ ಬಿಟ್ಟು ಬಂದೆ?”

“ಮಷೀನಲ್ಲಿ ಸ್ಯಾಂಪಲ್ ಓಡ್ತಾ ಇತ್ತು. ಜೂನಿಯರ್‌ಗೆ ಒಪ್ಪಿಸಿ, ರಿಜಿಸ್ಟರಲ್ಲಿ ಮೂರು ಸಾಲು ಬರೆದು, ಸಹಿ ಹಾಕಿ ಬಂದೆ.”

“ಆ ಗಡಿಬಿಡಿಯಲ್ಲೂ ಬರೆದ್ಯಾ?”

“ಬರೆದಿಲ್ಲ ಅಂದ್ರೆ ಆಗಿಲ್ಲ,” ಅಂದಳು.

ನಾನು ನಿಜವಾಗಿಯೂ ಬೆರಗಾದೆ. ಅದಕ್ಕೇ ಅಂದೆ, “ನಿನ್ನ ಬಗ್ಗೆ ನಂಗೆ ಎಷ್ಟು ಹೆಮ್ಮೆ ಗೊತ್ತಾ? ನಮ್ಮ ಡಿಪಾರ್ಟ್‌ಮೆಂಟಲ್ಲಿ ಎಲ್ಲರ ಹತ್ರ ಹೇಳ್ತಿರ್ತೀನಿ. ನಿಂಗೂ ಎಷ್ಟೋ ಸಲ ಹೇಳಿದ್ದೀನಲ್ಲ.”

ಸಂಧ್ಯಾ ಕಿಟಕಿಯಿಂದ ಮುಖ ತಿರುಗಿಸಿ ನನ್ನ ಕಡೆ ನೋಡಿದಳು. ತುಟಿಯಲ್ಲಿ ನಗು ಇತ್ತು, ಕಣ್ಣಿನಲ್ಲಿ ಇರಲಿಲ್ಲ.

“ಯಾವಾಗ?”

ಹದಿನೇಳು ವರ್ಷದ ಸಂಸಾರ ಹುಡುಕಿದೆ. ಗುರುವಾರ ಸಂಜೆಯ ಕಥೆಯೇ. ಹೇಳಿದ ನೆನಪು ಎಷ್ಟು ಬೇಕೋ ಅಷ್ಟಿದೆ, ಹೇಳಿದ ಗಳಿಗೆ ಒಂದೂ ಇಲ್ಲ. ಹಿಂದಿನ ಸೀಟಿನಲ್ಲಿ ಇಂಚರಾ ಕಿಸಕ್ಕನೆ ನಕ್ಕಳು.

ಮನೆಗೆ ಬಂದವನೇ ಬೂಟು ಕೂಡ ಬಿಚ್ಚದೆ ಫ್ರಿಜ್ ಹತ್ತಿರ ಹೋಗಿ, ಕೆಂಪು ಪೆನ್ನು ತೆಗೆದು, ‘11:30’ ಅಳಿಸಿದೆ. ಆ ಜಾಗದಲ್ಲಿ ಹದಿನೇಳು ವರ್ಷದ ಚೀಟಿಗಳಲ್ಲಿ ಒಂದನ್ನು ಬರೆದು, ಕೆಳಗೆ ಸಹಿ ಹಾಕಿ, ತಾರೀಖು ಹಾಕಿದೆ. ಏನು ಬರೆದೆ ಅಂತ ನಿಮಗೆ ಹೇಳುವುದಿಲ್ಲ. ಸಂಧ್ಯಾ ಬಂದು ಓದಿದಳು, ಎರಡು ಸಲ ಓದಿದಳು. ಆಮೇಲೆ ಪೆನ್ನು ಇಸಿದುಕೊಂಡು ಲ್ಯಾಬಿನ ರಿಜಿಸ್ಟರಿನಲ್ಲಿ ಮಾಡುವ ಹಾಗೆ ಪಕ್ಕದಲ್ಲಿ ತನ್ನ ಸಹಿ ಹಾಕಿದಳು. ಒಂದು ವಾರವಾಯಿತು, ಹಾಲಿನ ಲೆಕ್ಕ ಬರೆಯಲು ಜಾಗ ಸಾಲದಿದ್ದರೂ ಆ ಸಾಲನ್ನು ಯಾರಿಗೂ ಅಳಿಸಲು ಬಿಟ್ಟಿಲ್ಲ.

ನಿಮ್ಮ ಮನೆಯಲ್ಲಿ ಇಂಥ ಸಮಸ್ಯೆ ಇಲ್ಲ, ನೀವು ಹೇಳಬೇಕಾದವರಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದ್ದೀರಿ, ಅಲ್ಲವಾ?

ಯಾವಾಗ?